ಲುಸಾಕಾದ ಆಯುಧಪೂಜೆ

ಜಯನಗರ, ಬೆಂಗಳೂರು
14 ಅಕ್ಟೋಬರ್ 2024

ಸಿರಿ,

ಫೋನ್ ಮಾಡಿದರೆ ನೀನು "ಹೂಂ ಅತ್ತೆ, ಹೂಂ ಅತ್ತೆ" ಎಂದು ಮುಗಿಸಿಬಿಡುತ್ತೀಯ. ಇಮೇಲ್ ಬರೆದರೆ ಹೂಂ ಅನ್ನುವುದಕ್ಕೂ ನೀನು ಟೈಪ್ ಮಾಡಬೇಕು. ನಾಲ್ಕನೇ ಬ್ಲಾಕಿನ ಹಿರಿಯ ನಾಗರಿಕರ ತರಗತಿಗೆ ಸೇರಿ ಕನ್ನಡ ಟೈಪಿಂಗ್ ಕಲಿತಿದ್ದೇನೆ. ಒಂದು ಕಾಲದಲ್ಲಿ ಇಡೀ ಶಾಲೆಯನ್ನು ನಡುಗಿಸಿದ ಹೆಡ್‌ಮಿಸ್ ಸರ್ವಮಂಗಳಾ ಈಗ ಹೋಮ್‌ವರ್ಕ್ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾಳೆ.

ನಿನ್ನ ಇಲಾಖೆ ನಿನ್ನನ್ನು ಎರಡು ವರ್ಷಕ್ಕೆಂದು ಜಾಂಬಿಯಾಕ್ಕೆ ಕಳಿಸಿದೆ, ಅಲ್ಲಿನ ತೆರಿಗೆಯವರಿಗೆ ನೀನು ಏನೋ ಹೇಳಿಕೊಡುತ್ತಿದ್ದೀಯ. ಇಷ್ಟು ಬಿಟ್ಟರೆ ನಿನ್ನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೆ ಲುಸಾಕಾದ ಬಗ್ಗೆ ನಿನಗೂ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿದೆ.

ನನ್ನ ಜೊತೆ ಗಣಿತ ಪಾಠ ಮಾಡುತ್ತಿದ್ದ ಸಂಗೀತಾ ನೆನಪಿದ್ದಾಳಲ್ಲ, ಕುಮಾರಸ್ವಾಮಿ ಲೇಔಟ್‌ನವಳು? ಅವಳ ಮಗ ಸೋಮನಾಥ್ ಎಂಜಿನಿಯರ್. ವಸಂತಪುರದ ದೀಪಕ್ ಅನ್ನುವವರ 'ವಸಂತಧಾರೆ' ಬೋರ್‌ವೆಲ್ ಕಂಪನಿಯಲ್ಲಿದ್ದಾನೆ. ಆ ಕಂಪನಿ ಬೋರ್ ಕೊರೆಯುತ್ತಿರುವುದು ನಿನ್ನ ಜಾಂಬಿಯಾದಲ್ಲಿ! ಹುಡುಗ ಇರುವುದು ನಿನ್ನ ಊರಿನಲ್ಲೇ! ಫೋಟೋ ಲಗತ್ತಿಸಿದ್ದೇನೆ. ಮೊನ್ನೆ ಆಯುಧಪೂಜೆಗೆ ಅವರ ಶೆಡ್ಡಿನಲ್ಲಿ ತೆಗೆದದ್ದು. ಎಡಗಡೆ ಪಂಚೆಯುಟ್ಟು, ಹಣೆ ತುಂಬ ವಿಭೂತಿ ಧರಿಸಿದವನೇ ಹುಡುಗ. ಬೋರ್ ಕೊರೆಯುವ ರಿಗ್ ಗಾಡಿಯ ಮುಂದೆ ಕುಂಬಳಕಾಯಿ ಎತ್ತಿ ಹಿಡಿದಿರುವವರು ದೀಪಕ್. ಆ ದೇಶದಲ್ಲಿ ಬಾಳೆಕಂದು ಎಲ್ಲಿ ಸಿಕ್ಕಿತೋ!

ಚೆನ್ನಾಗಿ ನೋಡಿ ಬರೆ. ಅವಸರವೇನಿಲ್ಲ, ನಾಳೆ ಬರೆದರೆ ಸಾಕು.

ನಿನ್ನ ಅತ್ತೆ


ಲುಸಾಕಾ
15 ಅಕ್ಟೋಬರ್ 2024

ಅತ್ತೆ,

ಫೋಟೋ ನೋಡಿದೆ. ಮತ್ತೆ ಮತ್ತೆ ನೋಡಿದೆ. ಇದು ಖಂಡಿತ ಲುಸಾಕಾದಲ್ಲೇ ತೆಗೆದದ್ದೇ? ಆ ಶೆಡ್ ಯಾರದು? ದೀಪಕ್ ಅವರು ಪೂಜೆಗೆಂದೇ ಬೆಂಗಳೂರಿನಿಂದ ಇಲ್ಲಿಗೆ ಬಂದಿದ್ದರೇ? ಪ್ರತಿವರ್ಷ ಬರುತ್ತಾರೆಯೇ?

ಇಲ್ಲಿ ಬೀದಿ ತುಂಬ ಜಕರಂಡಾ ಹೂವು ಉದುರಿದೆ. ನಾನು ಚೆನ್ನಾಗಿದ್ದೇನೆ.

ಸಿರಿ


ಜಯನಗರ
16 ಅಕ್ಟೋಬರ್ 2024

ನನ್ನ ಬಂಗಾರ,

ಎಷ್ಟು ವರ್ಷವಾಯಿತು ನೀನು ಒಂದು ಗಂಡಿನ ವಿಷಯದಲ್ಲಿ ಇಷ್ಟು ಪ್ರಶ್ನೆ ಕೇಳಿ! ಇದುವರೆಗೆ ತೋರಿಸಿದ ಯಾವ ಫೋಟೋವನ್ನೂ ನೀನು ಎರಡನೇ ಸಲ ನೋಡಿದವಳಲ್ಲ. ನನಗೆ ಕುಣಿಯಬೇಕು ಅನ್ನಿಸಿತು, ಮಂಡಿ ಬಿಡಲಿಲ್ಲ.

ಸಂಗೀತಾಗೆ ಫೋನ್ ಮಾಡಿ ನಿನ್ನ ಪ್ರಶ್ನೆಗಳನ್ನೆಲ್ಲ ಒಂದೂ ಬಿಡದೆ ಕೇಳಿದೆ. ಹುಡುಗಿ ಹುಡುಗನ ಕಂಪನಿಯ ಭದ್ರತೆ ವಿಚಾರಿಸುತ್ತಿದ್ದಾಳೆ, ಜಾಣೆ ಎಂದು ಅವಳಿಗೂ ಸಂತೋಷ. ದೀಪಕ್ ಅವರು ಪ್ರತಿವರ್ಷ ಪೂಜೆಗೆ ಬಂದೇ ಬರುತ್ತಾರಂತೆ. "ಕುಂಬಳಕಾಯಿ ನಾನೇ ಒಡೀಬೇಕು, ಇನ್ನೊಬ್ರು ಮುಟ್ಟಂಗಿಲ್ಲ" ಎನ್ನುತ್ತಾರಂತೆ. ಅಂಥ ದೈವಭಕ್ತರ ಕೈಕೆಳಗೆ ಕೆಲಸ ಮಾಡುವ ಹುಡುಗ ಕೆಟ್ಟವನಾಗಿರಲು ಸಾಧ್ಯವೇ?

ಜಾತಕ ಕಳಿಸಲೇ?

ಅತ್ತೆ


ಲುಸಾಕಾ
18 ಅಕ್ಟೋಬರ್ 2024

ಅತ್ತೆ,

ಜಾತಕ ಬೇಡ. ಆ ಹುಡುಗನ ಬಗ್ಗೆ, ಅವನ ಕಂಪನಿಯ ಬಗ್ಗೆ ಇನ್ನು ಒಂದಕ್ಷರವೂ ನನಗೆ ಬರೆಯಬೇಡಿ. ಯಾರ ಹತ್ತಿರವೂ ವಿಚಾರಿಸಬೇಡಿ. ನಾನು ಆ ಪ್ರಶ್ನೆಗಳನ್ನು ನಿಮಗೆ ಕೇಳಬಾರದಿತ್ತು.

ಯಾಕೆಂದು ಈಗ ಹೇಳಲಾರೆ. ಆಗಿರುವುದನ್ನೆಲ್ಲ ನನ್ನ ಮುಖ್ಯಸ್ಥ ಬ್ವಾಲ್ಯ ಅವರಿಗೆ ತಿಳಿಸಿದ್ದೇನೆ. ನನ್ನ ಮೇಲೆ ನಂಬಿಕೆ ಇಡಿ.

ಸಿರಿ


ಜಯನಗರ
10 ನವೆಂಬರ್ 2024

ಸಿರಿ,

ನಿನ್ನ ಕಾಗದ ಓದಿ ಮೂರು ವಾರ ಸುಮ್ಮನಿದ್ದೆ. ನಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿರುವುದನ್ನು ನಿನ್ನ ಮಾವ ಇದ್ದಿದ್ದರೆ ನಂಬುತ್ತಿರಲಿಲ್ಲ.

ಮದುವೆಯ ಮಾತನ್ನು ಆಫೀಸಿನ ಮುಖ್ಯಸ್ಥರಿಗೆ ಹೇಳುವ ಹೆಣ್ಣನ್ನು ನಾನು ಇದೇ ಮೊದಲು ನೋಡಿದ್ದು. ಆ ಬ್ವಾಲ್ಯ ಅವರಿಗೆ ವಯಸ್ಸೆಷ್ಟು? ಮದುವೆಯಾಗಿದೆಯೇ? ನಿನ್ನ ಮನಸ್ಸು ಅಲ್ಲೇ ಇದ್ದರೆ ಹೇಳಿಬಿಡು. ನಾನು ಒಂದು ದಿನ ಅಳುತ್ತೇನೆ, ಮಾರನೆಯ ದಿನ ಪಾಸ್‌ಪೋರ್ಟ್ ಮಾಡಿಸುತ್ತೇನೆ.

ಇಲ್ಲ, ಬರೀ ನಾಚಿಕೆಯಾಗಿದ್ದರೆ ಇದನ್ನು ಓದು. ನಿನ್ನೆ ದೀಪಕ್ ಅವರೇ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು! ಕಂಪನಿಯ ಯಜಮಾನರೇ, ತಾಯಿ ಮುನಿಲಕ್ಷ್ಮಮ್ಮನವರನ್ನೂ ಕರೆದುಕೊಂಡು. ಅವರ ತಂದೆ ಚಿಕ್ಕಬೈರಪ್ಪನವರು ವಸಂತಪುರದ ಹೊಲ ಮಾರಿ ಮೊದಲ ರಿಗ್ ತೆಗೆದುಕೊಂಡರಂತೆ, ಆ ಕಥೆಯೆಲ್ಲ ಆಯಿತು. ಒಂದು ಡಬ್ಬಿ ಮೈಸೂರ್‌ಪಾಕ್, ನನಗೊಂದು ರೇಷ್ಮೆ ಸೀರೆ, ಗಿಳಿಹಸಿರು, ಕೆಂಪು ಅಂಚು. ಹೊರಡುವಾಗ "ಆಂಟಿ, ಸಿರಿ ಮೇಡಂಗೆ ನಮ್ದೊಂದು ಮಾತು ಹೇಳಿ, ಸ್ವಲ್ಪ ನೋಡ್ಕೊಳ್ಳಿ ಅಂತ" ಎಂದರು. ತಮ್ಮ ಎಂಜಿನಿಯರ್‌ಗೆ ಹೆಣ್ಣು ಕೇಳಲು ಯಜಮಾನರೇ ಬರುವುದೆಂದರೆ ಅವನ ಮೇಲೆ ಅವರಿಗೆ ಎಷ್ಟು ಅಭಿಮಾನವಿರಬೇಕು!

ಇನ್ನೊಂದು ವಿಷಯ. ಬಯ್ಯಬೇಡ. ನಿನ್ನ ಫೋಟೋವನ್ನೂ ಕೆಲಸದ ವಿವರವನ್ನೂ ಹಬ್ಬ ಮುಗಿದ ವಾರವೇ ಹುಡುಗನಿಗೆ ಕಳಿಸಿಬಿಟ್ಟಿದ್ದೇನೆ.

ಅತ್ತೆ


ಲುಸಾಕಾ
10 ನವೆಂಬರ್ 2024

ಅತ್ತೆ,

ಆ ಸೀರೆಯನ್ನು ನಾಳೆ ಬೆಳಿಗ್ಗೆಯೇ ಹಿಂದಕ್ಕೆ ಕೊಟ್ಟುಬನ್ನಿ. ದಯವಿಟ್ಟು.

ಬ್ವಾಲ್ಯ ಅವರಿಗೆ ಮೊಮ್ಮಕ್ಕಳಿದ್ದಾರೆ. ಮದುವೆಯ ವಿಷಯ ಬಿಡಿ, ನಾನು ಇಲ್ಲಿ ಏನು ಮಾಡುತ್ತಿದ್ದೇನೆ ಎನ್ನುವುದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ಕಂಪನಿಗಳ ಹೆಸರು ಹೇಳುವ ಹಾಗಿಲ್ಲ, ಕೇಳಬೇಡಿ.

ಒಂದು ದೇಶದ ಕಂಪನಿ ಇನ್ನೊಂದು ದೇಶಕ್ಕೆ ಹೋಗಿ ದುಡಿದರೆ, ಅಲ್ಲಿ ಅದಕ್ಕೆ ತನ್ನದೆನ್ನುವ ಒಂದು ನೆಲೆ ಇದ್ದರೆ ಮಾತ್ರ ಆ ದೇಶ ಲಾಭದ ಮೇಲೆ ತೆರಿಗೆ ಕೇಳಬಹುದು. ಹಾಗಾಗಿ "ನಮಗೆ ಇಲ್ಲಿ ಏನೂ ಇಲ್ಲ" ಎಂದು ತೋರಿಸುವುದರಲ್ಲೇ ಎಲ್ಲರ ಜಾಣತನ. ಶೆಡ್ ಇಲ್ಲಿಯವರೊಬ್ಬರದು, ಯಂತ್ರ ಅವರಿಂದಲೇ ಬಾಡಿಗೆಗೆ, ಒಪ್ಪಂದಕ್ಕೆ ಸಹಿ ಯಾವುದೋ ದ್ವೀಪದಲ್ಲಿರುವ ತಮ್ಮದೇ ಇನ್ನೊಂದು ಕಂಪನಿಯದು. ಲಾಭವೆಲ್ಲ ಆ ದ್ವೀಪಕ್ಕೆ ಹೋಗಿ ಕೂರುತ್ತದೆ, ಅಲ್ಲಿ ತೆರಿಗೆಯೇ ಇಲ್ಲ. ಇಲ್ಲಿನ ಊರುಗಳು ಬೋರ್ ಕೊರೆಸಿಕೊಂಡು ದುಡ್ಡು ಕೊಡುತ್ತವೆ, ಇಲ್ಲಿನ ಖಜಾನೆಗೆ ಬಿಡಿಗಾಸೂ ಬರುವುದಿಲ್ಲ. ಶಾಲೆಗೆ ಮೇಷ್ಟ್ರನ್ನು ಹಾಕಲು ಈ ದೇಶ ಸಾಲ ಮಾಡಬೇಕು.

ಬೆಂಗಳೂರಿನಲ್ಲಿದ್ದಾಗ ದೊಡ್ಡ ದೇಶಗಳ ಕಂಪನಿಗಳು ನಮಗೆ ಇದೇ ಆಟ ತೋರಿಸುತ್ತಿದ್ದವು, ನಾವು ಹಲ್ಲು ಕಡಿಯುತ್ತಿದ್ದೆವು. ಇಲ್ಲಿಗೆ ಬಂದು ನೋಡಿದರೆ ಆ ದೊಡ್ಡ ದೇಶ ನಾವೇ.

ನನ್ನ ಪಕ್ಕದ ಮೇಜಿನ ಮುತಿಂತಾ ಮೂರು ವರ್ಷದಿಂದ ಇಂಥ ಎಂಟು ಕಂಪನಿಗಳ ಬೆನ್ನು ಹತ್ತಿದ್ದಾಳೆ. ಮೊದಲನೆಯದರಲ್ಲಿ ಸೋತರೆ ಉಳಿದ ಏಳು ಫೈಲುಗಳನ್ನೂ ಮುಚ್ಚಬೇಕು ಎಂದು ಮೇಲಿನವರು ಹೇಳಿಬಿಟ್ಟಿದ್ದಾರೆ. ಆ ಮೊದಲನೆಯದನ್ನು ಅವಳ ಜೊತೆ ನಾನೂ ನೋಡುತ್ತಿದ್ದೆ. ನೀವು ಕಳಿಸಿದ ಫೋಟೋ ಬಂದ ಮೇಲೆ ಬ್ವಾಲ್ಯ ಅವರು ನನ್ನನ್ನು ಅದರಿಂದ ಹೊರಗಿಟ್ಟರು. ಸರಿಯಾಗಿಯೇ ಮಾಡಿದರು. ಆದರೆ ನಾಳೆ ಯಾರಾದರೂ ವಕೀಲರು "ಅಧಿಕಾರಿಯ ಮನೆಯವರು ನಮ್ಮಿಂದ ಸೀರೆ ತೆಗೆದುಕೊಂಡಿದ್ದಾರೆ" ಎಂದರೆ ಮುತಿಂತಾಳ ಮೂರು ವರ್ಷದ ದುಡಿಮೆ ಒಂದು ಸೀರೆಗೆ ಹೋಗುತ್ತದೆ. ನನಗೆ ತುಂಬ ಭಯವಾಗಿದೆ ಅತ್ತೆ.

ಸಿರಿ


ಜಯನಗರ
12 ನವೆಂಬರ್ 2024

ಸಿರಿ,

ಕೆಲಸ ಮುಗಿಯಿತು. ಹೇಗೆಂದು ಕೇಳು.

ಮೈಸೂರ್‌ಪಾಕ್ ಅರ್ಧ ಖಾಲಿಯಾಗಿತ್ತು. ತಿಂದವಳು ನಾನೇ. ಶಾಪಿಂಗ್ ಕಾಂಪ್ಲೆಕ್ಸಿಗೆ ಹೋಗಿ ಅಂಥದ್ದೇ ಕೊಂಡು ಡಬ್ಬಿ ತುಂಬಿಸಿದೆ. ಸೀರೆಯ ಮಡಿಕೆ ಬಿಚ್ಚಿರಲಿಲ್ಲ, ಸದ್ಯ. ಆಟೋ ಹತ್ತಿ ವಸಂತಪುರಕ್ಕೆ ಹೋದೆ.

ನನ್ನನ್ನು ಕಂಡು ಮುನಿಲಕ್ಷ್ಮಮ್ಮನವರು ಮಜ್ಜಿಗೆ ತರಲು ಎದ್ದರು. ಬೇಡವೆಂದೆ. ಡಬ್ಬಿ, ಸೀರೆ ಟೀಪಾಯಿಯ ಮೇಲಿಟ್ಟೆ. ದೀಪಕ್ "ಏನ್ ಆಂಟಿ ಇದು, ಮನೆಯವರು ಅಂತ ಕೊಟ್ಟಿದ್ದು" ಎಂದರು. ನಾನು, "ಮನೆಯವರಿಗೆ ಕೊಡೋದಾದ್ರೆ ಸೀರೆ ಜೊತೆ ಶಿಫಾರಸು ಕೊಡ್ತಿರಲಿಲ್ಲ ಕಣಪ್ಪ. 'ಸ್ವಲ್ಪ ನೋಡ್ಕೊಳ್ಳಿ' ಅಂದ್ಯಲ್ಲ, ಅದನ್ನೂ ವಾಪಸ್ ತಗೋ" ಎಂದೆ. ಮುನಿಲಕ್ಷ್ಮಮ್ಮನವರು ಗಾಬರಿಯಿಂದ "ಯಾಕ್ ಮೇಡಂ, ನಮ್ಮ ಹುಡುಗ ಏನ್ ಮಾಡ್ದ?" ಎಂದು ಕೇಳಿದರು. ಅವರಿಗೆ ಏನೂ ಗೊತ್ತಿಲ್ಲ, ಪಾಪ. ದೀಪಕ್ ಮಾತ್ರ ನೆಲ ನೋಡುತ್ತಿದ್ದರು.

ಸೀರೆ, ತಿಂದಷ್ಟನ್ನು ತುಂಬಿಸಿಕೊಟ್ಟ ಸಿಹಿ, ಎರಡೂ ಹಿಂದಕ್ಕೆ ಮುಟ್ಟಿವೆ ಎಂದು ದೀಪಕ್ ಅವರ ಕೈಯಲ್ಲೇ ಬರೆಸಿ, ದಿನಾಂಕ ಹಾಕಿಸಿ ತಂದಿದ್ದೇನೆ. ಶಾಲೆಯ ಬೀರುವಿನ ಬೀಗದಕೈ ಕೊಟ್ಟರೂ ಸಹಿ ಹಾಕಿಸಿಕೊಳ್ಳುತ್ತಿದ್ದವಳು ನಾನು. ಅದರ ಫೋಟೋ ಇದರ ಜೊತೆಗಿದೆ, ನಿಮ್ಮ ಬ್ವಾಲ್ಯ ಅವರಿಗೆ ತಲುಪಿಸು.

ದಾರಿಯುದ್ದಕ್ಕೂ ನನಗೆ ಅಳು ಬಂತು ಸಿರಿ. ಹೆಣ್ಣು ಕೇಳಲು ಬಂದರು ಎಂದು ಹಿಗ್ಗಿದವಳಿಗೆ, ನನ್ನನ್ನು ಕೊಳ್ಳಲು ಬಂದಿದ್ದರು ಎಂದು ಗೊತ್ತಾಯಿತಲ್ಲ, ಅದಕ್ಕೆ. ಮೂವತ್ತೆರಡು ವರ್ಷ ಸರ್ಕಾರಿ ಶಾಲೆಯಲ್ಲಿ ಸಂಬಳ ತಿಂದೆ. ಆ ಸಂಬಳ ಎಲ್ಲಿಂದ ಬರುತ್ತಿತ್ತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಯೋಚಿಸುತ್ತಿದ್ದೇನೆ.

ಆ ಮುತಿಂತಾಗೆ ಹೇಳು, ಗೆಲ್ಲಲೇಬೇಕು ಎಂದು.

ಅತ್ತೆ


ಲುಸಾಕಾ
21 ಫೆಬ್ರವರಿ 2025

ಪ್ರೀತಿಯ ಅತ್ತೆ,

ಇಷ್ಟು ದಿನ ಬರೀ "ಚೆನ್ನಾಗಿದ್ದೇನೆ" ಎಂದು ಬರೆದಿದ್ದಕ್ಕೆ ಇವತ್ತು ಬಡ್ಡಿಸಮೇತ ತೀರಿಸುತ್ತೇನೆ. ನ್ಯಾಯಮಂಡಳಿಯ ವಿಚಾರಣೆ ನಿನ್ನೆ ಎಲ್ಲರೆದುರು ನಡೆಯಿತು, ಪತ್ರಿಕೆಯವರೂ ಬಂದಿದ್ದರು. ಹಾಗಾಗಿ ಈಗ ಹೆಸರು ಹೇಳಬಹುದು. ನೀವು ಆಗಲೇ ಊಹಿಸಿದ್ದೀರಿ, ಆ ಮೊದಲನೇ ಕಂಪನಿ ವಸಂತಧಾರೆ.

ನಾನು ಹಿಂದಿನ ಬೆಂಚಿನಲ್ಲಿ, ಬರೀ ನೋಡಲು ಬಂದವಳು. ದೀಪಕ್ ಸಾಕ್ಷಿಯ ಜಾಗದಲ್ಲಿದ್ದರು, ಸೋಮನಾಥ್ ಅವರ ಹಿಂದೆ. ಅವರ ವಕೀಲರು ಸೀರೆಯ ವಿಷಯ ಎತ್ತಿಯೇಬಿಟ್ಟರು! ಬ್ವಾಲ್ಯ ಅವರು ಎದ್ದು, ನಾನು ಅಕ್ಟೋಬರಿನಲ್ಲೇ ಬರೆದುಕೊಟ್ಟದ್ದನ್ನೂ ನಿಮ್ಮ ರಸೀತಿಯನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಮುಂದಿಟ್ಟರು. ಮೈಸೂರ್‌ಪಾಕನ್ನು ಭರ್ತಿ ಮಾಡಿ ಹಿಂದಿರುಗಿಸಿದ ಸಾಲು ಬಂದಾಗ ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡರು. ವಕೀಲರು ಕೂತರು.

ಆಮೇಲೆ ಮುತಿಂತಾ ಎದ್ದಳು. ನೀವು ಕಳಿಸಿದ ಫೋಟೋವನ್ನು ನಾವು ಮುಟ್ಟಲಿಲ್ಲ. ಅಗತ್ಯವೂ ಇರಲಿಲ್ಲ. ನಾಲ್ಕು ವರ್ಷದ ಆಯುಧಪೂಜೆಯನ್ನು ಕಂಪನಿಯೇ ತನ್ನ ಜಾಲತಾಣದಲ್ಲಿ ಹೆಮ್ಮೆಯಿಂದ ಹಾಕಿಕೊಂಡಿತ್ತು. ಮುತಿಂತಾ ಅವನ್ನು ಹಿಂದೆಯೇ ನೋಡಿ, ಯಾರದೋ ಹುಟ್ಟುಹಬ್ಬ ಎಂದುಕೊಂಡು ಬಿಟ್ಟಿದ್ದಳು. ನಾನು ಪ್ರಕರಣದಿಂದ ಹೊರಗೆ ಬರುವ ಮುಂಚೆ, ಬ್ವಾಲ್ಯ ಅವರ ಅಪ್ಪಣೆ ಪಡೆದು, ಆ ದಿನ ನಮ್ಮ ಕಡೆ ಏನು ಮಾಡುತ್ತಾರೆ, ಯಾರು ಮಾಡುತ್ತಾರೆ ಎನ್ನುವುದಷ್ಟನ್ನು ಅವಳಿಗೆ ಹೇಳಿದ್ದೆ.

"ಕುಂಬಳಕಾಯಿ ಹಿಡಿದಿರುವವರು ನೀವೇ ತಾನೆ?" ಎಂದು ಕೇಳಿದಳು.

ಹೌದೆಂದರು ದೀಪಕ್.

"ನಾಲ್ಕೂ ವರ್ಷ?"

"ನಾಲ್ಕೂ ವರ್ಷ. ಪೂಜೆಯನ್ನು ಯಜಮಾನನೇ ಮಾಡಬೇಕು." ಇದನ್ನು ಹೇಳುವಾಗ ಅವರ ಎದೆ ಉಬ್ಬಿತ್ತು.

"ಆದರೆ ಶೆಡ್ಡೂ ಯಂತ್ರಗಳೂ ಇಲ್ಲಿನ ಫಿರಿ ಅವರದು, ನಾವು ಬಾಡಿಗೆಗೆ ತಂದವರು ಎಂದು ಬರೆದುಕೊಟ್ಟಿದ್ದೀರಿ. ಫಿರಿ ಅವರ ಯಂತ್ರಕ್ಕೆ ನೀವೇಕೆ ಪೂಜೆ ಮಾಡಿದಿರಿ?"

ಧರ್ಮದ ವಿಷಯ ಇಲ್ಲಿ ಬೇಡವೆಂದು ವಕೀಲರು ಎದ್ದರು. ನ್ಯಾಯಾಧೀಶೆ "ಅವರು ಉತ್ತರಿಸಲಿ" ಎಂದರು. ದೀಪಕ್ ಅವರ ಮುಖ ಕೆಂಪಾಯಿತು. ಅತ್ತ ಇತ್ತ ನೋಡಿದರು. ಕಡೆಗೆ ಹಿಂದಿನ ಬೆಂಚಿನಲ್ಲಿದ್ದ ನನ್ನನ್ನೇ ದಿಟ್ಟಿಸಿ, ಅಚ್ಚ ಕನ್ನಡದಲ್ಲಿ ಕೂಗಿದರು: "ಬೇರೆಯವ್ರ ಗಾಡಿಗೆ ನಾನ್ಯಾಕ್ರೀ ಕುಂಬಳಕಾಯಿ ಒಡೀಲಿ? ನಮ್ಮಪ್ಪ ಹೊಲ ಮಾರಿ ತಗೊಂಡ ಗಾಡಿ ಅದು! ನಮ್ದು!"

ಇಡೀ ಕೋಣೆಗೆ ಅರ್ಥವಾಗಲಿಲ್ಲ, ನಮ್ಮ ಮೂವರನ್ನು ಬಿಟ್ಟು. ಸಾಕ್ಷಿ ಏನು ಹೇಳಿದರು ಎಂದು ನ್ಯಾಯಾಧೀಶೆ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಈ ಪ್ರಕರಣದಲ್ಲಿಲ್ಲ, ಬಾಯಿ ತೆರೆಯುವ ಹಾಗಿಲ್ಲ. ಆಗ ಸೋಮನಾಥ್ ಎದ್ದು ನಿಂತ. ಸಂಬಳ ಕೊಡುವ ಯಜಮಾನ ಎದುರಿಗೇ ಇದ್ದಾನೆ. ಆದರೂ ಪ್ರಮಾಣ ಮಾಡಿ, ಒಂದು ಪದ ಬಿಡದೆ ಇಂಗ್ಲಿಷಿನಲ್ಲಿ ಹೇಳಿದ. ಹೊಲ ಮಾರಿದ್ದನ್ನೂ ಬಿಡಲಿಲ್ಲ.

ಮುತಿಂತಾ "ಇನ್ನು ಪ್ರಶ್ನೆಗಳಿಲ್ಲ" ಎಂದು ಕೂತಳು. ನನಗೆ ಬೆಂಚಿನ ಮೇಲೆ ಹತ್ತಿ ಕೂಗಬೇಕು ಅನ್ನಿಸಿತು. ದೀಪಕ್ ಅವರ ಮೇಲೆ ಒಂದು ಬಗೆಯ ಪ್ರೀತಿಯೂ ಬಂತು, ಬಯ್ಯಬೇಡಿ. ಕಾಗದದ ಮೇಲೆ ಎಷ್ಟು ಬೇಕಾದರೂ ಸುಳ್ಳು ಬರೆದುಕೊಟ್ಟ ಮನುಷ್ಯ, ಪೂಜೆ ಮಾಡಿದ ಗಾಡಿಯನ್ನು ಮಾತ್ರ ಬಾಯಿಬಿಟ್ಟು ಬೇರೆಯವರದು ಎನ್ನಲಾರದೆ ಹೋದರು.

ಸಂಜೆ ಸೋಮನಾಥ್ ಸಿಕ್ಕ. "ಮೇಡಂ, ನಿಮ್ಮ ಫೋಟೋ ನನ್ನ ಹತ್ರ ಇದೆ. ನಂಗೆ ಈಗ್ಲೇ ಮದುವೆ ಬೇಡ, ಅಮ್ಮಂಗೆ ಹೇಳೋಕೆ ಧೈರ್ಯ ಇಲ್ಲ. ನೀವೇ ಬೇಡ ಅಂದ್ಬಿಡಿ, ಪ್ಲೀಸ್" ಎಂದ. ಯಜಮಾನನ ಮುಂದೆ ಎದ್ದು ನಿಂತವನಿಗೆ ಅಮ್ಮನ ಮುಂದೆ ಆಗುವುದಿಲ್ಲವಂತೆ! ಹೀಗಾಗಿ ಅತ್ತೆ, ನಾನು ಒಪ್ಪಲಿಲ್ಲ ಎಂದು ಸಂಗೀತಾ ಆಂಟಿಗೆ ತಿಳಿಸಿಬಿಡಿ.

ತೀರ್ಪು ಏಪ್ರಿಲ್‌ನಲ್ಲಿ.

ಸಿರಿ


ಜಯನಗರ
22 ಫೆಬ್ರವರಿ 2025

ಸಿರಿ,

ನಿನ್ನ ಕಾಗದವನ್ನು ಟೈಪಿಂಗ್ ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಮೇಷ್ಟ್ರು ಸುಮನ್ ಅದನ್ನು ಬೋರ್ಡಿಗೆ ಹಾಕೋಣ ಎಂದ. ಕೇಸಿನದ್ದಷ್ಟೇ ಹಾಕು, ಗಂಡಿನ ವಿಷಯ ಬೇಡವೆಂದೆ.

ಮದುವೆ ಮುರಿದದ್ದಕ್ಕೆ ನನಗೆ ಬೇಸರವಿದೆ. ಎಷ್ಟೆಂದರೆ, ಊಟ ಮುಗಿಯುವವರೆಗೂ ಇತ್ತು. ಆ ಹುಡುಗನ ಕೆಲಸ ಹೋಯಿತೇ?

ಅತ್ತೆ


ಲುಸಾಕಾ
11 ಏಪ್ರಿಲ್ 2025

ಅತ್ತೆ,

ಗೆದ್ದಳು ಮುತಿಂತಾ! ವಸಂತಧಾರೆಗೆ ಇಲ್ಲಿ ತನ್ನದೇ ನೆಲೆ ಇದೆ, ನಾಲ್ಕೂ ವರ್ಷದ ಲಾಭಕ್ಕೆ ಇಲ್ಲಿಯೇ ತೆರಿಗೆ ಕಟ್ಟಬೇಕು ಎಂದು ತೀರ್ಪು ಬಂದಿದೆ. ಡೀಸೆಲ್ ಲೆಕ್ಕ, ಶೆಡ್ಡಿನ ಬೀಗ, ಕೆಲಸದವರ ಹಾಜರಿ ಎಲ್ಲವನ್ನೂ ತೂಗಿ, ಕೊನೆಗೆ ದೀಪಕ್ ಅವರ ಆ ಮಾತನ್ನೇ ಇಡಿಯಾಗಿ ಉದ್ಧರಿಸಿದ್ದಾರೆ.

ಆದರೆ ದೀಪಕ್ ಮೇಲಿನ ನ್ಯಾಯಾಲಯಕ್ಕೆ ಹೋಗಿದ್ದಾರೆ. ಅದು ಮುಗಿಯುವವರೆಗೆ ಉಳಿದ ಏಳು ಫೈಲುಗಳಿಗೆ ಬೀಗ. ಅಲ್ಲಿ ಬಿದ್ದುಹೋದರೆ ಎಲ್ಲವೂ ಮೊದಲಿನಂತೆಯೇ. ಮುತಿಂತಾ ನಗುತ್ತಾಳೆ, ಆದರೆ ಊಟ ಸರಿಯಾಗಿ ಮಾಡುತ್ತಿಲ್ಲ.

ಸೋಮನಾಥನ ಕೆಲಸ ಹೋಗಿಲ್ಲ. ಮುನಿಲಕ್ಷ್ಮಮ್ಮನವರು ಮಗನಿಗೆ ಫೋನ್ ಮಾಡಿ, "ಅವನು ನಿಜ ಹೇಳ್ದ. ನೀನು ನಿಮ್ಮಪ್ಪನ ಗಾಡೀನ ಇನ್ನೊಬ್ರುದು ಅಂತ ಬರೆದ್ಕೊಟ್ಟಿದ್ಯಂತೆ, ಮೊದ್ಲು ಅದಕ್ಕೆ ಉತ್ತರ ಹೇಳು" ಎಂದರಂತೆ.

ಜುಲೈನಲ್ಲಿ ಮುತಿಂತಾ ಬೆಂಗಳೂರಿಗೆ ಬರುತ್ತಾಳೆ. ನಮ್ಮ ಅಧಿಕಾರಿಗಳಿಗೆ ಪಾಠ ಹೇಳಲು! ನಾನು ಕಲಿಸಲು ಬಂದ ದೇಶದಿಂದ ನಮಗೆ ಕಲಿಸುವವಳು ಬರುತ್ತಿದ್ದಾಳೆ. ಒಂದು ಹೊತ್ತು ಊಟಕ್ಕೆ ಕರೆಯಿರಿ.

ಸಿರಿ


ಜಯನಗರ
18 ಜುಲೈ 2025

ಸಿರಿ,

ಸುದ್ದಿ ನಿನಗೆ ನನಗಿಂತ ಮೊದಲೇ ಗೊತ್ತು. ಅದು ಇಲ್ಲಿಗೆ ಹೇಗೆ ಬಂದು ಮುಟ್ಟಿತು ಎನ್ನುವುದು ನಿನಗೆ ಗೊತ್ತಿಲ್ಲ, ಅದನ್ನು ಬರೆಯುತ್ತೇನೆ.

ಮುತಿಂತಾಳ ಪಾಠಕ್ಕೆ, ಅವಳೇ ಕರೆದಳೆಂದು, ನಾನೂ ಹೋಗಿದ್ದೆ. ಅವಳು ಹಟ ಮಾಡಿ ನನ್ನನ್ನು ಮುಂದೆ ಕೂರಿಸಿದಳು. ನಿಮ್ಮ ದೊಡ್ಡ ಅಧಿಕಾರಿಯೊಬ್ಬರು "ನಮಗೆ ಇಲ್ಲಿ ಏನೂ ಇಲ್ಲ ಅಂತ ವಿದೇಶಿ ಕಂಪನಿಗಳು ಹೇಳಿದರೆ ಏನು ಮಾಡೋದು ಮೇಡಂ?" ಎಂದು ಕೇಳಿದರು. ಅವಳು "ನೀವು ಹೋಗಿ ನೋಡಿದ್ದೀರಾ?" ಎಂದಳು. ಕೇಳಿದವರು ಪೆನ್ನು ತೆಗೆದು ಆ ಪ್ರಶ್ನೆಯನ್ನೇ ಬರೆದುಕೊಂಡರು. ನಾನು ಇಷ್ಟು ವರ್ಷ ಪಾಠ ಮಾಡಿದವಳು, ಅಂಥ ಒಂದು ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ.

ಆಮೇಲೆ ಮನೆಗೆ ಕರೆತಂದೆ. ಮುದ್ದೆ ಬಸ್ಸಾರು ಮಾಡಿದ್ದೆ. ನಾನು ಮುರಿದು ತೋರಿಸುವ ಮೊದಲೇ ಅವಳು ಮುರಿದು, ಅದ್ದಿ, ಬಾಯಿಗಿಟ್ಟುಕೊಂಡಳು. ಅವರ ಮನೆಯಲ್ಲೂ ದಿನಾ ಮೆಕ್ಕೆಜೋಳದ ಹಿಟ್ಟಿನ ಇಂಥದ್ದೇ ಮುದ್ದೆಯಂತೆ. ಆದರೆ ಎರಡನೆಯದು ಬೇಡವೆಂದಳು, ಅರ್ಧಗಂಟೆಗೊಮ್ಮೆ ಫೋನ್ ನೋಡುತ್ತಿದ್ದಳು. ಅವತ್ತೇ ಮೇಲಿನ ನ್ಯಾಯಾಲಯದ ತೀರ್ಪು ಎಂದು ನನಗೆ ಹೇಳಿರಲಿಲ್ಲ.

ಸಂಜೆ ಅವಳನ್ನು ಹೋಟೆಲಿಗೆ ಬಿಡಲು ಆಟೋದಲ್ಲಿ ಹೊರಟೆವು. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅವಳಿಗೆ ಫೋನ್ ಬಂತು, ಬ್ವಾಲ್ಯ ಅವರದು. ಕೇಳಿದಳು. ಫೋನ್ ಮಡಿಲಲ್ಲಿಟ್ಟು ನನ್ನ ಕೈ ಹಿಡಿದುಕೊಂಡಳು. ಸೋತೆವು ಎಂದುಕೊಂಡೆ. ಆಮೇಲೆ ಕಣ್ಣೀರು ಸುರಿಸುತ್ತ, ನಗುತ್ತ, "ಅಪೀಲು ವಜಾ. ಏಳೂ ಫೈಲು ನಾಳೆ ತೆರೆಯುತ್ತೇವೆ. ಅವುಗಳಲ್ಲಿ ಎರಡು ಕಂಪನಿಗಳು ಆಗಲೇ ತಾವಾಗಿ ತೆರಿಗೆ ನೋಂದಣಿಗೆ ಬಂದು ನಿಂತಿವೆ" ಎಂದಳು.

ನಾನು ಕೂಗಿದೆ ಸಿರಿ. ಈ ವಯಸ್ಸಿನಲ್ಲಿ, ನಡುರಸ್ತೆಯಲ್ಲಿ, ಪಕ್ಕದ ಸ್ಕೂಟರಿನವರು ಹೆಲ್ಮೆಟ್ ಎತ್ತಿ ನೋಡುವ ಹಾಗೆ. ಅವಳೂ ಕೂಗಿದಳು. ಇಬ್ಬರೂ ತಬ್ಬಿಕೊಂಡು ಕೂಗಿದೆವು.

ಆಟೋದವನು ತಿರುಗಿ ಕೇಳಿದ, "ಏನ್ ಮೇಡಂ, ಮ್ಯಾಚ್ ಗೆದ್ವಾ?"

"ಗೆದ್ವಿ ಕಣಪ್ಪ!"

"ಯಾರು ಗೆದ್ದಿದ್ದು?"

"ಜಾಂಬಿಯಾ!"

"ಓಹೋ. ಯಾರ ಮೇಲೆ?"

"ನಮ್ಮ ಮೇಲೆ!" ಎಂದು ಇನ್ನೂ ಜೋರಾಗಿ ಕೂಗಿದೆ.